ಹದಿನಾಲ್ಕು ಪೆಟ್ಟಿಗೆ, ಒಂದು ಸ್ಯಾಂಡಿಂಗ್ ಮಿಷನ್

ಕೋಲಾರದಲ್ಲಿ ನನ್ನದು ಹಳೇ ಮರದ ಸಾಮಾನಿನ ಸಣ್ಣ ಅಂಗಡಿ. ಹಳೇ ಬಾಗಿಲು, ಉಯ್ಯಾಲೆ ಹಲಗೆ, ತೊಟ್ಟಿಲು, ಯಾರದೋ ತಾತನ ಗಲ್ಲಾಪೆಟ್ಟಿಗೆ, ಇಂಥವನ್ನ ತಂದು ರಿಪೇರಿ ಮಾಡಿ ಮಾರುವುದು ಕೆಲಸ. ಹೋದ ವರ್ಷ ಒಂದು ಲಾಟ್ ಪೆಟ್ಟಿಗೆ ಬಂತು. ಅದರಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನ ಪೂರ್ತಿ ಬರೆಯುತ್ತಿದ್ದೇನೆ. ನನ್ನ ಹಾಗೆ ಹಳೇ ಸಾಮಾನು ಕೊಳ್ಳುವವರು, ಶಾಲೆ ಕಾಲೇಜಿನ ಹಳೇ ಲ್ಯಾಬ್ ಖಾಲಿ ಮಾಡಿಸುವವರು ಓದಲಿ ಅಂತ.

ಜಿಲ್ಲೆಯ ಒಂದು ಹಳೇ ಕಾಲೇಜು. ಹೆಸರು ಬೇಡ. ಅಲ್ಲಿ ವಿಜ್ಞಾನ ವಿಭಾಗದ್ದೊಂದು ಸಣ್ಣ ಮ್ಯೂಸಿಯಂ ಇತ್ತು. ಕಲ್ಲು, ಖನಿಜ, ಒಣಗಿಸಿದ ಹಕ್ಕಿ, ಗಾಜಿನ ಜಾಡಿಯಲ್ಲಿ ಹಾವು. ಆ ಕೋಣೆಯನ್ನ ಕಂಪ್ಯೂಟರ್ ಲ್ಯಾಬ್ ಮಾಡಬೇಕಿತ್ತು. ಪೆಟ್ಟಿಗೆಗಳನ್ನೆಲ್ಲ ದಾಸ್ತಾನು ಪುಸ್ತಕದಲ್ಲಿ ಕಂಡಮ್ ಅಂತ ಬರೆದು ಗುಜರಿಯವನಿಗೆ ಕೊಟ್ಟರು. ಒಳಗಿದ್ದದ್ದನ್ನ ಅವನೇ ಕಾಲೇಜಿನ ಹಿಂದೆ ಸುರಿದ. ಖಾಲಿ ಪೆಟ್ಟಿಗೆ 14. ಒಂದಕ್ಕೆ 700 ರೂಪಾಯಿ ಹೇಳಿದ. ನಾನು ಚೌಕಾಸಿ ಮಾಡಲೇ ಇಲ್ಲ, ತೇಗ ಅಂತ ನೋಡಿದ ತಕ್ಷಣ ಗೊತ್ತಾಗಿತ್ತು. 9,800 ಎಣಿಸಿಕೊಟ್ಟೆ, ಗೂಡ್ಸ್ ಆಟೋಗೆ 1,200.

ಪೆಟ್ಟಿಗೆ ಮೂರು ತರ ಇದ್ದವು. ನಾಲ್ಕು ಉದ್ದದವು, ಆಳ ಕಮ್ಮಿ, ಒಳಗೆ ಉದ್ದುದ್ದ ಪಟ್ಟಿ ಹೊಡೆದು ಕಾಲುವೆ ತರ ಮಾಡಿದ್ದರು. ಆರು ಗಟ್ಟಿ ಪೆಟ್ಟಿಗೆ, ಒಳಗೆ ಚೌಕ ಚೌಕ ಮನೆ. ಇನ್ನು ನಾಲ್ಕು ಹಗುರ, ಮುಚ್ಚಳ ಬಿಗಿಯಾಗಿ ಕೂರುವಂಥವು, ತಳದಲ್ಲಿ ಹತ್ತಿ ಅಂಟಿಕೊಂಡಿತ್ತು. ಗಟ್ಟಿ ಪೆಟ್ಟಿಗೆಗಳ ಮೂಲೆಯಲ್ಲಿ ಒಂದು ಮೊಳೆಯೂ ಇಲ್ಲ, ಎರಡು ಕೈ ಬೆರಳು ಹೆಣೆದ ಹಾಗೆ ಹಲಗೆಗೆ ಹಲಗೆ ಕಚ್ಚಿ ಕೂರಿಸಿದ್ದಾರೆ. ಹಲಗೆ ಮೇಲೆ ಕೈ ಆಡಿಸಿದರೆ ಹತ್ತರಿ ಹೊಡೆದ ಸಣ್ಣ ಅಲೆ ಬೆರಳಿಗೆ ಸಿಗುತ್ತೆ. ಎರಡು ಮಾತ್ರ ಕಮ್ಮಿ ಮರ. ನಮ್ಮ ಆಚಾರಿ ನೋಡಿ ನಕ್ಕ. "ಅಣ್ಣಾ, ಇದು ಶ್ರೀನಿವಾಸಪುರದ ಮಾವಿನಹಣ್ಣಿನ ಡಬ್ಬಿಗೆ ಹಾಕೋ ಮರ."

ಹಗುರ ಪೆಟ್ಟಿಗೆ ತೆರೆದಾಗ ನುಸಿಗುಳಿಗೆ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮನೆಯ ಟ್ರಂಕಿನಲ್ಲಿ ರೇಷ್ಮೆ ಸೀರೆಗೂ ಅದೇ ಗುಳಿಗೆ ಹಾಕುತ್ತಾರೆ ಅಲ್ವಾ, ಅದರಲ್ಲೇನಿದೆ ಅಂದುಕೊಂಡೆ. ನಂದಿ ಬೆಟ್ಟದ ಕಡೆ ಹೋಮ್‌ಸ್ಟೇ ನಡೆಸುವ ದಂಪತಿ ಫೋಟೋ ನೋಡಿ ಆರ್ಡರ್ ಕೊಟ್ಟಿದ್ದರು, ಅಡುಗೆಮನೆಯಲ್ಲಿ ಮಸಾಲೆ, ಬೇಳೆ ಡಬ್ಬ ಇಡೋಕೆ. ಅವಸರ ಇತ್ತು. ಆಚಾರಿಗೆ ಮಿಷನ್ ಹಿಡಿಸಿದೆ. ಒಂದೂವರೆ ದಿನದಲ್ಲಿ ಮೂರು ಪೆಟ್ಟಿಗೆ ಉಜ್ಜಿ ಹೊಸದರ ತರ ಮಾಡಿದ. ಎರಡು ಗಟ್ಟಿಯವು, ಒಂದು ಹಗುರದ್ದು. ಪಕ್ಕಕ್ಕಿದ್ದ ಬಿಳಿ ಬಣ್ಣದ ನಂಬರು, ಕರಿ ಸ್ಟೆನ್ಸಿಲ್ ಅಕ್ಷರ, ಅರ್ಧ ಹರಿದ ಚೀಟಿ, ಎಲ್ಲ ಹೋಯಿತು. ಹೋದಾಗ ನಮಗೆ ಖುಷಿ, ಮರದ ಬಣ್ಣ ಅಷ್ಟು ಚೆನ್ನಾಗಿ ಬಂದಿತ್ತು.

ನಾಲ್ಕನೆಯದನ್ನ ಮೇಜಿನ ಮೇಲಿಟ್ಟಾಗ ಅಂಗಡಿ ಮುಂದೆ ಒಬ್ಬರು ತಾತ ಬಂದು ನಿಂತರು. ಅದೇ ಕಾಲೇಜಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವರಂತೆ. ಪೆಟ್ಟಿಗೆಗಳು ಹೋದ ಕಡೆ ಹುಡುಕಿಕೊಂಡು ಬಂದಿದ್ದಾರೆ, ಸುಮ್ನೆ ನೋಡೋಕೆ.

"ಅದನ್ನ ಉಜ್ಜಬೇಡಪ್ಪಾ, ಅದು ಹಕ್ಕಿ ಪೆಟ್ಟಿಗೆ. ಅದರೊಳಗೆ ಪಾಷಾಣ ಇರ್ತದೆ."

ಆಚಾರಿ ನನ್ನ ಮುಖ ನೋಡಿದ. ನಾನು ಮೂಲೆಯಲ್ಲಿ ರಾಶಿ ಬಿದ್ದಿದ್ದ ಪುಡಿ ನೋಡಿದೆ. ಆಮೇಲೆ ನೆನಪಾಯಿತು, ರಾಶಿ ಅರ್ಧ ಮಾತ್ರ ಇದೆ. ಇನ್ನರ್ಧ ಚೀಲಕ್ಕೆ ತುಂಬಿ ಪಕ್ಕದ ಮನೆ ಅಕ್ಕನಿಗೆ ಕೊಟ್ಟಿದ್ದೆವು, ನೀರೊಲೆಗೆ. ಓಡಿದೆ. ಪುಣ್ಯಕ್ಕೆ ಅವರು ಹಿಂದಿನ ವಾರದ ಹೊಟ್ಟನ್ನೇ ಇನ್ನೂ ಉರಿಸುತ್ತಿದ್ದರು. ಚೀಲ ಹಾಗೇ ಇತ್ತು, ಬಾಯಿ ಕಟ್ಟಿದ್ದು ಬಿಚ್ಚಿರಲಿಲ್ಲ. ಯಾಕೆ ವಾಪಸ್ ಬೇಕು ಅಂತ ಕೇಳಿದ್ದಕ್ಕೆ ನಾನು ಸುಳ್ಳು ಹೇಳಿದೆ. ಮಾರನೇ ದಿನ ಹೋಗಿ ನಿಜ ಹೇಳಿದೆ. ಈಗಲೂ ಸಿಕ್ಕಾಗ ಒಂದು ತರ ನೋಡುತ್ತಾರೆ.

ಪಾಷಾಣ ಅಂದರೆ ಆರ್ಸೆನಿಕ್. ಅದರ ಕಥೆ ಇಷ್ಟು. ಹಕ್ಕಿ, ಪ್ರಾಣಿಯ ಚರ್ಮ ತೆಗೆದು ಒಣಗಿಸಿ ಇಟ್ಟರೆ ಹುಳ ತಿಂದು ಹಾಕುತ್ತೆ. 18ನೇ ಶತಮಾನದಲ್ಲಿ ಫ್ರಾನ್ಸಿನ ಮೆಟ್ಜ್ ಊರಿನ ಔಷಧಿ ಮಾಡುವವನೊಬ್ಬ, ಬೆಕೂರ್ ಅಂತ, ಆರ್ಸೆನಿಕ್ ಸೇರಿಸಿದ ಸೋಪು ಕಂಡುಹಿಡಿದ. ಚರ್ಮದ ಒಳಮೈಗೆ ಅದನ್ನ ಬಳಿದರೆ ಹುಳ ಹತ್ತಿರ ಬರಲ್ಲ. ಅಲ್ಲಿಂದ ಮುಂದೆ ಸುಮಾರು 200 ವರ್ಷ ಪ್ರಪಂಚದ ಎಷ್ಟೋ ಮ್ಯೂಸಿಯಂಗಳಲ್ಲಿ ಅದು ನಡೆಯಿತು, 1970ರ ದಶಕ ದಾಟಿದರೂ ಅಲ್ಲಲ್ಲಿ ಬಿಟ್ಟಿರಲಿಲ್ಲ. ಒಣಗಿಸಿದ ಗಿಡದ ಹಾಳೆಗಳಿಗೆ ಪಾದರಸದ ಲವಣ, ಹುಳಗಳ ಪೆಟ್ಟಿಗೆಗೆ ನುಸಿಗುಳಿಗೆ, ಕೆಲವು ಕಡೆ ಡಿಡಿಟಿ. ವಿಷ ಇದ್ದದ್ದು ವಸ್ತುವಿನ ಮೇಲೆ, ಆದರೆ ವರ್ಷಗಟ್ಟಲೆ ಉದುರಿ ಉದುರಿ ಪೆಟ್ಟಿಗೆಯ ತಳಕ್ಕೆ, ಸಂದಿಗೆ, ಹತ್ತಿಗೆ ಸೇರುತ್ತೆ. ಆರ್ಸೆನಿಕ್‌ಗೆ ವಾಸನೆ ಇಲ್ಲ, ಹಳತಾದರೆ ಶಕ್ತಿ ಕಳೆದುಕೊಳ್ಳಲ್ಲ. ಮರದ ಮೇಲೆ ಸುಮ್ಮನೆ ಕೂತಿದ್ದಾಗ ಅಷ್ಟು ಅಪಾಯ ಇಲ್ಲ. ನಾವು ಮಿಷನ್ ಹಾಕಿ ಗಾಳಿಗೆ ಹಾರಿಸಿದ್ದೇ ಅಪಾಯ.

ಆಚಾರಿಗೆ ಮೂಗಿಗೊಂದು ಕರವಸ್ತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಅವನನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇತ್ತೀಚೆಗೆ ಮೈಗೆ ಸೇರಿದ್ದು ಗೊತ್ತಾಗಬೇಕಾದರೆ ರಕ್ತಕ್ಕಿಂತ ಮೂತ್ರ ಪರೀಕ್ಷೆ ಒಳ್ಳೆಯದು, ಸಮುದ್ರದ ಮೀನು ತಿಂದಿದ್ದರೆ ಲೆಕ್ಕ ತಪ್ಪುತ್ತೆ ಅಂದರು. ಅವನು ಮೀನು ತಿಂದಿರಲಿಲ್ಲ. ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಬರೋದಕ್ಕೆ ಹಿಡಿದ ದಿನಗಳಲ್ಲಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ವರದಿ ಸರಿಯಾಗೇ ಬಂತು.

ಪೆಟ್ಟಿಗೆಗಳ ಪರೀಕ್ಷೆಗೆ ಸಹಾಯ ಮಾಡಿದ್ದು ಪರಿಚಯದ ಕೆಮಿಸ್ಟ್ರಿ ಮೇಡಂ. ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಇದೆಯಾ ಅಂತ ನೋಡುವ ಕಿಟ್ ಅವರ ಹತ್ತಿರ ಇತ್ತು. ಪ್ರತಿ ಪೆಟ್ಟಿಗೆಯ ಒಳಮೂಲೆಯನ್ನ ಒದ್ದೆ ಹತ್ತಿಯಿಂದ ಒರೆಸಿ, ಹತ್ತಿಯನ್ನ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಆ ನೀರನ್ನ ಬಾಟಲಿಗೆ ಹಾಕಿದರು. ಅದಕ್ಕೆ ಆಸಿಡ್ ಪುಡಿ, ಸತುವಿನ ಪುಡಿ. ಬುರಬುರ ಅಂತ ಗ್ಯಾಸ್ ಬರುತ್ತೆ. ಆರ್ಸೆನಿಕ್ ಇದ್ದರೆ ಅದು ಗ್ಯಾಸ್ ಆಗಿ ಮೇಲೆ ಬಂದು ಮುಚ್ಚಳಕ್ಕೆ ಸಿಕ್ಕಿಸಿದ ಬಿಳಿ ಪಟ್ಟಿಯನ್ನ ಹಳದಿ ಮಾಡುತ್ತೆ, ಜಾಸ್ತಿ ಇದ್ದರೆ ಕಂದು. ಆ ಗ್ಯಾಸೂ ಭಾರೀ ವಿಷ, ಅದಕ್ಕೇ ಲ್ಯಾಬಿನ ಫ್ಯೂಮ್ ಕಬರ್ಡ್, ಅಂದರೆ ಗ್ಯಾಸನ್ನ ಹೊರಗೆ ಎಳೆದುಹಾಕುವ ಕಪಾಟು, ಅದರೊಳಗೇ ಮಾಡಿದರು. ದಯವಿಟ್ಟು ಯಾರೂ ಮನೆಯಲ್ಲಿ ಮಾಡಬೇಡಿ. ಹಗುರದ ಹಕ್ಕಿ ಪೆಟ್ಟಿಗೆ ನಾಲ್ಕರಲ್ಲಿ ಮೂರು ಕಂದು ತೋರಿಸಿದವು. ಆ ಮೂರರಲ್ಲಿ ನಾವು ಉಜ್ಜಿದ್ದೂ ಒಂದು, ಅಷ್ಟು ಉಜ್ಜಿದ ಮೇಲೂ ಸಂದಿಯಲ್ಲಿ ಉಳಿದಿತ್ತು. ನಾಲ್ಕನೆಯದು ಬಿಳಿ.

ಒಂದು ವಿಚಿತ್ರ ಏನಂದರೆ, ಕಲ್ಲು ಇಡುತ್ತಿದ್ದ ಆ ಗಟ್ಟಿ ಪೆಟ್ಟಿಗೆಗಳಲ್ಲೂ ಒಂದು ತಿಳಿಹಳದಿ ತೋರಿಸಿತು. ಅದರಲ್ಲಿ ಯಾವ ಹಕ್ಕಿಯೂ ಇರಲಿಲ್ಲ. ಮೇಡಂ ಹೇಳಿದ್ದು, ಕೆಜಿಎಫ್ ಚಿನ್ನದ ಅದಿರಿನಲ್ಲಿ ಕೆಲವು ಕಡೆ ಆರ್ಸೆನಿಕ್ ಇರುವ ಖನಿಜವೇ ಇದೆ, ಆರ್ಸೆನೊಪೈರೈಟ್ ಅಂತ, ಕಲ್ಲಿನ ಪುಡಿಯಿಂದಲೇ ಬಂದಿರಬಹುದು. ಗಂಧಕ ಇದ್ದರೂ ಪಟ್ಟಿ ಮೋಸ ಮಾಡುತ್ತೆ, ಅದನ್ನ ತಡೆಯೋಕೆ ಕಿಟ್‌ನಲ್ಲಿ ಬೇರೆ ವ್ಯವಸ್ಥೆ ಇರುತ್ತೆ ಅಂದರು. ಅಂತೂ ಆ ಪೆಟ್ಟಿಗೆಯನ್ನೂ ಅಡುಗೆಮನೆಗೆ ಕೊಡುವ ಮಾತಿಲ್ಲ.

ಇಷ್ಟು ವಿಷದ ಕಥೆ. ಆದರೆ ನಿಜ ಹೇಳಬೇಕು ಅಂದರೆ ನನಗೆ ಜಾಸ್ತಿ ಹೊಟ್ಟೆ ಉರಿದದ್ದು ನಂಬರಿನ ವಿಷಯಕ್ಕೆ.

ತಾತ ಮಾರನೇ ದಿನ ಮತ್ತೆ ಬಂದರು. ಉದ್ದದ ಪೆಟ್ಟಿಗೆ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ತೋರಿಸಿದರು. ಇದು ಕೋರ್ ಬಾಕ್ಸ್. ಕೆಜಿಎಫ್ ಗಣಿಯವರು ವಜ್ರದ ಹಲ್ಲಿನ ಡ್ರಿಲ್‌ನಿಂದ ಬಂಡೆ ಕೊರೆದಾಗ ಕೊಳವೆ ಒಳಗಿಂದ ಉದ್ದನೆ ಕಲ್ಲಿನ ಕಡ್ಡಿ ಬರುತ್ತೆ, ಅದನ್ನ ತುಂಡು ತುಂಡಾಗಿ ಈ ಕಾಲುವೆಯಲ್ಲಿ ಜೋಡಿಸುತ್ತಾರೆ. ಪುಸ್ತಕ ಓದಿದ ಹಾಗೆ, ಎಡದಿಂದ ಬಲಕ್ಕೆ, ಮೇಲಿನ ಸಾಲಿಂದ ಕೆಳಗೆ. ನಡುನಡುವೆ ಮರದ ಚಿಕ್ಕ ಬಿಲ್ಲೆ, ಅದರ ಮೇಲೆ ಎಷ್ಟು ಅಡಿ ಆಳ ಅಂತ. ಒಂದು ಪೆಟ್ಟಿಗೆಯಲ್ಲಿ ಅಂಥ ಒಂದು ಬಿಲ್ಲೆ ಇನ್ನೂ ಸಿಕ್ಕಿಕೊಂಡಿತ್ತು. ಪೆನ್ಸಿಲ್‌ನಲ್ಲಿ ಬರೆದದ್ದು ಬರಿಗಣ್ಣಿಗೆ ಕಾಣಲ್ಲ, ಮೊಬೈಲ್ ಟಾರ್ಚನ್ನ ಹಲಗೆಗೆ ಒರಗಿಸಿ ಅಡ್ಡ ಬೆಳಕು ಬಿಟ್ಟರೆ ಅಂಕಿ ಎದ್ದು ಬರುತ್ತೆ.

ಕೆಜಿಎಫ್ ಗೊತ್ತಿಲ್ಲದವರು ನಮ್ಮ ಕಡೆ ಯಾರಿದ್ದಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿಗಿಂತ ಮುಂಚೆ. ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. 1965ರಲ್ಲಿ ಅಲ್ಲೇ ನೆಲದೊಳಗೆ, 2 ಕಿಲೋಮೀಟರಿಗೂ ಕೆಳಗೆ ಉಪಕರಣ ಇಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣವನ್ನ ವಿಜ್ಞಾನಿಗಳು ಹಿಡಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆಮೇಲೆ ಒಳಗೆ ನೀರು ತುಂಬಿತು. ಅಂದರೆ ಆ ಕೋರ್ ತುಂಡುಗಳನ್ನ ಮತ್ತೆ ಹೋಗಿ ತರೋಕೆ ಆಗಲ್ಲ. ಕಾಲೇಜಿಗೆ ಅವನ್ನ ಕೊಟ್ಟದ್ದು ಹುಡುಗರು ಮುಟ್ಟಿ ನೋಡಿ ಕಲಿಯಲಿ ಅಂತ. ಗುಜರಿಯವನು ಸುರಿದಾಗ ಎಲ್ಲ ಒಂದಕ್ಕೊಂದು ಬೆರೆತು ಹೋದವು. ಯಾವ ತುಂಡು ಎಷ್ಟು ಅಡಿಯದ್ದು ಅಂತ ಗೊತ್ತಿಲ್ಲದ ಕೋರ್ ಅಂದರೆ ಬರೀ ಕಲ್ಲು, ಪೇಪರ್‌ವೇಟ್ ಮಾಡಬಹುದು ಅಷ್ಟೇ. ಇಬ್ಬರು ಹುಡುಗರನ್ನ ಕರೆದುಕೊಂಡು ಹೋಗಿ ಆರಿಸಿ ತಂದೆವು, ಎರಡು ಗೋಣಿಚೀಲ. ಮುರಿದ ಬಾಯಿಗೆ ಮುರಿದ ಬಾಯಿ ಸೇರಿಸಿ ನೋಡುತ್ತಾ ಒಂದು ಭಾನುವಾರ ಕಳೆದೆವು. ಹನ್ನೊಂದು ತುಂಡು ಸಾಲಾಗಿ ಕೂಡಿದವು.

ತಾತನಿಂದ ಇನ್ನೊಂದು ವಿಷಯ ಗೊತ್ತಾಯಿತು. ಮ್ಯೂಸಿಯಮ್ಮಿಗೆ ಒಂದು ರಿಜಿಸ್ಟರ್ ಇತ್ತು, ದಪ್ಪ ರಟ್ಟಿನದು, ಲೈಬ್ರರಿಯ ಕಬ್ಬಿಣದ ಬೀರುವಿನಲ್ಲಿ. ಹೋಗಿ ಕೇಳಿದೆವು. ಇತ್ತು. ಪ್ರತಿ ಪೆಟ್ಟಿಗೆಗೂ ಒಂದು ನಂಬರು, ಮುಂದೆ ಏನಿತ್ತು, ಎಲ್ಲಿಯದು, ಯಾವತ್ತು ಬಂತು. ಪೆಟ್ಟಿಗೆಯ ಮೇಲಿನ ನಂಬರು ಕೀಲಿ ಇದ್ದ ಹಾಗೆ, ರಿಜಿಸ್ಟರ್ ಬೀಗ. ನಾವು ಮೂರು ಕೀಲಿಯನ್ನ ಉಜ್ಜಿ ಪುಡಿ ಮಾಡಿದ್ದೆವು. ಉಳಿದ 11ರಲ್ಲಿ 9ರ ನಂಬರು ಓದೋಕೆ ಸಿಕ್ಕಿತು, ಒಂಬತ್ತೂ ರಿಜಿಸ್ಟರ್‌ನಲ್ಲಿದ್ದವು. ನಾಲ್ಕು ಕೋರ್ ಬಾಕ್ಸ್, ಮೂರು ಕಲ್ಲಿನದು, ಎರಡು ಹಕ್ಕಿಯದು. ಒಂದು ಕಲ್ಲಿನ ಪೆಟ್ಟಿಗೆಯ ತಳದಲ್ಲಿ ರೈಲಿನ ಸ್ಟೆನ್ಸಿಲ್ ಇತ್ತು, ಬೌರಿಂಗ್‌ಪೇಟೆ ಅಂತ. ಈಗಿನ ಬಂಗಾರಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರು ಅದು. ಆ ಸ್ಟೆನ್ಸಿಲ್ ಕೂಡ ಮಿಷನ್ ಬಾಯಿಗೆ ಹೋಗೋದು ಅರ್ಧ ದಿನದಲ್ಲಿ ತಪ್ಪಿತ್ತು.

ಬೌರಿಂಗ್‌ಪೇಟೆ ಪೆಟ್ಟಿಗೆಯ ಫೋಟೋ ನೋಡಿ ಬೆಂಗಳೂರಿನವರೊಬ್ಬರು ಒಳ್ಳೇ ರೇಟು ಹೇಳಿದರು, ವಿದೇಶದಲ್ಲಿರೋ ಮಗಳಿಗೆ ಕಳಿಸೋಕಂತೆ. ನಾನು ಒಪ್ಪಲಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಸ್ತು ಪುರಾತನ ವಸ್ತು ಆಗಬಹುದು, ಹಿಂದಿನ ಕಾಲದ ವಿಜ್ಞಾನಕ್ಕೆ ಸಂಬಂಧಪಟ್ಟದ್ದೂ ಅದರಲ್ಲಿ ಬರುತ್ತೆ, ಖಾಸಗಿಯವರು ಅದನ್ನ ದೇಶದ ಹೊರಗೆ ಕಳಿಸುವ ಹಾಗಿಲ್ಲ. ಪುರಾತನ ಅಲ್ಲ ಅಂತ ಪುರಾತತ್ವ ಇಲಾಖೆಯಿಂದ ಸರ್ಟಿಫಿಕೇಟ್ ತಂದರೆ ಬೇರೆ ಮಾತು. ಹಕ್ಕಿ ಪೆಟ್ಟಿಗೆಯ ಹತ್ತಿಯಲ್ಲಿ ಪುಕ್ಕ ಬೇರೆ ಸಿಕ್ಕಿತ್ತು. ಅದೇ 1972ರ ವನ್ಯಜೀವಿ ಕಾಯ್ದೆ ಇದೆಯಲ್ಲ, ಪುಕ್ಕವನ್ನೂ ಮಾರೋ ಯೋಚನೆ ಮಾಡಬಾರದು. ಅದನ್ನ ಹತ್ತಿ ಸಮೇತ ಕಟ್ಟಿಟ್ಟೆ.

ಇನ್ನು ಹುಳದ ಕೆಲಸ. ಆಚಾರಿ ನಕ್ಕಿದ್ದನಲ್ಲ, ಆ ಎರಡು ಕಮ್ಮಿ ಮರದ ಪೆಟ್ಟಿಗೆಗೆ ಕುಟ್ಟೆ ಹುಳ ಬಿದ್ದಿತ್ತು. ತೂತು ಇದ್ದರೆ ಹುಳ ಇದೆ ಅಂತಲ್ಲ, ಎಂದೋ ಹೊರಟು ಹೋಗಿರಬಹುದು. ರಾತ್ರಿ ಕೆಳಗೆ ಕರಿ ಕಾಗದ ಹಾಸಿಟ್ಟು ಬೆಳಿಗ್ಗೆ ನೋಡಿದರೆ ಮೈದಾಹಿಟ್ಟಿನಂಥ ಪುಡಿ ಬಿದ್ದಿತ್ತು, ಅಂದರೆ ಒಳಗೆ ಊಟ ನಡೀತಿದೆ. ಔಷಧಿ ಹೊಡೆಯೋಕೆ ಮನಸ್ಸಾಗಲಿಲ್ಲ, ಈಗಾಗಲೇ ಇರೋ ವಿಷ ಸಾಕು. ಮ್ಯೂಸಿಯಂಗಳಲ್ಲಿ ಮಾಡುವ ಹಾಗೆ ಫ್ರೀಜ್ ಮಾಡಿದೆವು. ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ ಒಂದು ವಾರ. ಟೊಮೆಟೊ ಇಡೋ ಕೋಲ್ಡ್ ಸ್ಟೋರೇಜ್‌ನಲ್ಲಿ ಅಷ್ಟು ತಂಪಿರಲ್ಲ. ಐಸ್‌ಕ್ರೀಮ್ ಏಜೆನ್ಸಿ ನಡೆಸೋ ಸ್ನೇಹಿತನ ಖಾಲಿ ಡೀಪ್ ಫ್ರೀಜರ್ ಕೇಳಿದೆ. ಪೆಟ್ಟಿಗೆ ಬಿಚ್ಚಿ ಹಲಗೆ ಮಾಡಿ, ಪಾಲಿಥಿನ್‌ನಲ್ಲಿ ಗಾಳಿ ಹೋಗದ ಹಾಗೆ ಸುತ್ತಿ ಎರಡು ವಾರ ಇಟ್ಟೆವು. ಅವನ ಫ್ರೀಜರ್ ಮೈನಸ್ 18ರ ಕೆಳಗೆ ಇಳಿಯುತ್ತಿರಲಿಲ್ಲ, ಅದಕ್ಕೇ ಒಂದು ವಾರ ಜಾಸ್ತಿ. ಹೊರಗೆ ತೆಗೆದ ಮೇಲೆ ಕವರ್ ಬಿಚ್ಚದೆ ಒಂದು ದಿನ ಬಿಡಬೇಕು, ಇಲ್ಲಾಂದರೆ ಬೆವರು ಮರದ ಮೇಲೇ ಕೂರುತ್ತೆ. ಮದುವೆ ಸೀಸನ್ ಶುರುವಾಗಿ ಸ್ನೇಹಿತ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. ಕರಿ ಕಾಗದದ ಮೇಲೆ ಮತ್ತೆ ಪುಡಿ ಬೀಳಲಿಲ್ಲ.

ಉಳಿದವನ್ನ ಒಣ ಬ್ರಷ್‌ನಿಂದ ಮೆಲ್ಲಗೆ ಒರೆಸಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ಎನ್95 ಮಾಸ್ಕು, ಗ್ಲೌಸು. ನೆಲದ ಪುಡಿಯನ್ನ ಪೊರಕೆ ಮುಟ್ಟಿಸದೆ ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆದೆವು.

ಕಾಲೇಜಿಗೆ ವಾಪಸ್ ಕೊಡೋದು ಇದೆಲ್ಲಕ್ಕಿಂತ ಕಷ್ಟ ಆಯಿತು. ಕಂಡಮ್ ಆದ ಸಾಮಾನು ಮತ್ತೆ ಒಳಗೆ ಹೇಗೆ ಬರುತ್ತೆ, ಆಡಿಟ್‌ನವರು ಕೇಳಿದರೆ ಏನು ಹೇಳೋದು ಅಂತ ಆಫೀಸಿನವರು. ಅವರು ಹೇಳೋದೂ ಸುಳ್ಳಲ್ಲ. ಮೂರು ಸಲ ಓಡಾಡಿದ ಮೇಲೆ ಲೈಬ್ರರಿಯನ್ ದಾರಿ ಹೇಳಿಕೊಟ್ಟರು, ವಾಪಸ್ ಅಂತ ಬೇಡ, ದಾನ ಅಂತ ಒಂದು ಪತ್ರ ಕೊಡಿ. ಕೊಟ್ಟೆ. ನನ್ನ ದುಡ್ಡಲ್ಲಿ ಅವರದೇ ಪೆಟ್ಟಿಗೆ ಕೊಂಡು ಅವರಿಗೇ ದಾನ ಮಾಡಿದ ಪುಣ್ಯಾತ್ಮ ನಾನು! ನಾಲ್ಕು ಕೋರ್ ಬಾಕ್ಸ್, ಮೂರು ಕಲ್ಲಿನ ಪೆಟ್ಟಿಗೆ, ಎರಡು ಗೋಣಿ ಕಲ್ಲು ಒಳಗೆ ಹೋದವು. ತಿಳಿಹಳದಿ ತೋರಿಸಿದ್ದೂ ಆ ಮೂರರಲ್ಲೇ ಒಂದು, ಅದಕ್ಕೆ ಚೀಟಿ ಅಂಟಿಸಿ ಕೊಟ್ಟೆ.

ಹೋಮ್‌ಸ್ಟೇಯವರಿಗೆ ಎಲ್ಲ ಬಿಡಿಸಿ ಹೇಳಿದೆ. ಉಜ್ಜಿದ ಎರಡು ಕಲ್ಲಿನ ಪೆಟ್ಟಿಗೆ ತೆಗೆದುಕೊಂಡರು, ಅಡುಗೆಮನೆಗಲ್ಲ, ಪುಸ್ತಕ ಇಡೋಕೆ. 7,000 ಬಂತು. ಹುಳ ಬಿಡಿಸಿದ ಒಂದು ಪೆಟ್ಟಿಗೆ 3,000ಕ್ಕೆ ಹೋಯಿತು. ಆಚಾರಿ ಕೂಲಿ, ಪರೀಕ್ಷೆ, ಓಡಾಟ ಎಲ್ಲ ಸೇರಿಸಿದರೆ ಕೈಯಿಂದ ಹೋಗಿದ್ದೇ ಜಾಸ್ತಿ. ಪಾಷಾಣ ಇಲ್ಲದ ಹಕ್ಕಿ ಪೆಟ್ಟಿಗೆ ನನ್ನ ಅಂಗಡಿಯಲ್ಲೇ ಇದೆ, ಸ್ಕ್ರೂ, ಕೀಲು ಹಾಕಿಟ್ಟಿದ್ದೇನೆ. ಪಾಷಾಣದ ಮೂರನ್ನ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇನೆ, ಪಕ್ಕದಲ್ಲೇ ಪುಡಿ ತುಂಬಿದ ತಗಡಿನ ಡಬ್ಬ. ಸುಡೋ ಹಾಗಿಲ್ಲ, ಸುಟ್ಟರೆ ವಿಷ ಹೊಗೆಯಲ್ಲಿ ಹೋಗುತ್ತೆ. ಊರಿನ ಕಸಕ್ಕೂ ಹಾಕೋ ಹಾಗಿಲ್ಲ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಅರ್ಜಿ ಕೊಟ್ಟಿದ್ದೇನೆ, ಇಷ್ಟು ಸಣ್ಣ ಮಾಲಿಗೆ ಗಾಡಿ ಕಳಿಸೋಕೆ ಅವರಿಗೆ ಆಸಕ್ತಿ ಇಲ್ಲ.

ರಿಜಿಸ್ಟರ್‌ನಲ್ಲಿ ಈಗ ಐದು ಸಾಲು ಪೆಟ್ಟಿಗೆ ಇಲ್ಲದೆ ಉಳಿದಿವೆ, ನಂಬರಿಲ್ಲದ ಪೆಟ್ಟಿಗೆ ಐದು. ಲೈಬ್ರರಿಯನ್ ಆ ಸಾಲುಗಳ ಮುಂದೆ ಪೆನ್ಸಿಲ್‌ನಲ್ಲಿ ಸಣ್ಣ ಗೆರೆ ಹಾಕಿದ್ದಾರೆ. ಹೋದ ವಾರ ಆಚಾರಿ ತನ್ನ ಮೊಬೈಲ್ ತಂದು ತೋರಿಸಿದ. ಕೆಲಸ ಶುರು ಮಾಡೋ ಮುಂಚೆ ಹೆಂಡತಿಗೆ ಕಳಿಸೋಕೆ ಅಂತ ಒಂದು ಫೋಟೋ ತೆಗೆದಿದ್ದನಂತೆ, ಮೇಜಿನ ಮೇಲೆ ಮೊದಲನೇ ಪೆಟ್ಟಿಗೆ, ಅದರ ಮೇಲೆ ಅವನ ಟೀ ಲೋಟ. ದೊಡ್ಡದು ಮಾಡಿ ನೋಡಿದರೆ ಲೋಟದ ಪಕ್ಕ ಬಿಳಿ ಬಣ್ಣದಲ್ಲಿ ಕೊನೆಯ ಅಂಕಿ ಕಾಣುತ್ತೆ, 7. ಐದು ಸಾಲಿನಲ್ಲಿ 7ರಿಂದ ಮುಗಿಯುವ ನಂಬರು ಎರಡಿವೆ. ಎರಡೂ ಕಲ್ಲಿನದೇ. ಹೋಮ್‌ಸ್ಟೇಯವರಿಗೆ ಫೋನ್ ಮಾಡಿ ಎರಡು ನಂಬರನ್ನೂ ಚೀಟಿಯಲ್ಲಿ ಬರೆದು ಆ ಪೆಟ್ಟಿಗೆಯೊಳಗೆ ಹಾಕಿಡಿ ಅಂದೆ. ಎರಡರಲ್ಲಿ ಯಾವುದು ಅಂತ ಕೇಳಿದರು.